ನಂಬಿಕೆಯ ಖರ್ಚು ಯಾರ ಲೆಕ್ಕಕ್ಕೆ: ನಮ್ಮದನ್ನು ಪರೀಕ್ಷಿಸುವ, ಇನ್ನೊಬ್ಬರದನ್ನು ಪ್ರಶ್ನಿಸುವ ಕ್ರಮ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ನಂಬಿಕೆಯ ಕುರಿತಾದ ವಾದ ಹೆಚ್ಚಾಗಿ ಎರಡು ಬಗೆಯಲ್ಲಿ ಮುಗಿಯುತ್ತದೆ. ಒಂದೋ ಹಿರಿಯರು ‘ನಿನಗೇನು ಗೊತ್ತು, ಸುಮ್ಮನಿರು’ ಎಂದು ಬಾಯಿ ಮುಚ್ಚಿಸುತ್ತಾರೆ, ಇಲ್ಲವೇ ಕಿರಿಯರು ‘ಈ ಕಾಲದಲ್ಲೂ ಇದನ್ನೆಲ್ಲ ನಂಬುತ್ತೀರಾ’ ಎಂದು ನಕ್ಕು ಎದ್ದುಹೋಗುತ್ತಾರೆ. ಎರಡರಲ್ಲೂ ನಂಬಿಕೆ ಇದ್ದಲ್ಲೇ ಉಳಿಯುತ್ತದೆ, ಮಾತು ಮಾತ್ರ ನಿಂತುಹೋಗುತ್ತದೆ. ತನ್ನ ನಂಬಿಕೆಯನ್ನು ಪ್ರಾಮಾಣಿಕವಾಗಿ ಇಟ್ಟುಕೊಳ್ಳಬೇಕೆನ್ನುವವರಿಗೂ, ಇನ್ನೊಬ್ಬರ ನಂಬಿಕೆಯನ್ನು ನೋಯಿಸದೆ, ಆದರೆ ಅಂಜದೆ ಪ್ರಶ್ನಿಸಬೇಕೆನ್ನುವವರಿಗೂ ಉಪಯೋಗಕ್ಕೆ ಬರುವ ಒಂದು ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಆ ಕ್ರಮವೆಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಈ ನಂಬಿಕೆ ಸುಳ್ಳಾದರೆ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ನಂಬಿದವನೇ ಭರಿಸುವ ನಂಬಿಕೆಯನ್ನು ಅವನ ಪಾಲಿಗೆ ಬಿಡಬಹುದು. ಒಬ್ಬ ನಂಬಿ ಇನ್ನೊಬ್ಬ ಭರಿಸುವ ನಂಬಿಕೆಯನ್ನು, ಅದು ಎಷ್ಟೇ ಹಳೆಯದಾಗಿರಲಿ, ಎಷ್ಟೇ ಪ್ರೀತಿಯದಾಗಿರಲಿ, ಪ್ರಶ್ನಿಸದೆ ಬಿಡುವುದು ಸರಿಯಲ್ಲ.

ಮೊದಲು: ನಂಬಿಕೆಯನ್ನು ಬಿಡಿಸಿ ಬರೆಯಿರಿ

ನಾವು ಒಂದು ನಂಬಿಕೆ ಎಂದು ಕರೆಯುವುದು ಸಾಮಾನ್ಯವಾಗಿ ಮೂರು ನಾಲ್ಕು ನಂಬಿಕೆಗಳ ಗಂಟು. ಮುಂಬಯಿಯ ತುಳು-ಕನ್ನಡಿಗರಲ್ಲಿ ಶನಿವಾರದ ಶನಿಪೂಜೆ, ಶನಿಗ್ರಂಥ ಪಾರಾಯಣ ಬಹಳ ರೂಢಿಯಲ್ಲಿದೆ. ಹೋಟೆಲ್ಲಿನ ಗಲ್ಲೆಯಲ್ಲಿ ಕುಳಿತವರಿಂದ ಹಿಡಿದು ಅಡುಗೆಮನೆಯಲ್ಲಿ ದುಡಿಯುವವರವರೆಗೆ ಎಲ್ಲರೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ‘ಶನಿಪೂಜೆ ಮಾಡಿದರೆ ಒಳ್ಳೆಯದಾಗುತ್ತದೆ’ ಎಂಬ ಮಾತನ್ನು ಬಿಡಿಸಿ ನೋಡಿ. ಪಾರಾಯಣ ಕೇಳಿದಾಗ ಮನಸ್ಸು ಹಗುರಾಗುತ್ತದೆ ಎಂಬುದು ಒಂದು, ಅದು ಕೇಳಿದವನ ಅನುಭವ, ಅದನ್ನು ಅಲ್ಲಗಳೆಯಲು ಯಾರಿಗೂ ಬರುವುದಿಲ್ಲ. ಊರು ಬಿಟ್ಟು ಬಂದವರು ವಾರಕ್ಕೊಮ್ಮೆ ಸೇರಬೇಕು ಎಂಬುದು ಇನ್ನೊಂದು, ಅದು ಮೌಲ್ಯ. ಸಾಡೇಸಾತಿ ಮುಗಿಯುವವರೆಗೆ ವ್ಯಾಪಾರ ಕೈಹಿಡಿಯುವುದಿಲ್ಲ ಎಂಬುದು ಮೂರನೆಯದು, ಅದು ಲೋಕದ ಬಗೆಗಿನ ಹೇಳಿಕೆ, ಸರಿಯೋ ತಪ್ಪೋ ಆಗಬಲ್ಲದ್ದು. ಆದ್ದರಿಂದ ಬ್ಯಾಂಕಿನ ಕಂತು ತಪ್ಪುತ್ತಿದ್ದರೂ ಲೆಕ್ಕಪತ್ರ ನೋಡಬೇಕಾಗಿಲ್ಲ ಎಂಬುದು ನಾಲ್ಕನೆಯದು, ಅಪಾಯವಿರುವುದು ಅಲ್ಲಿ.

ಇಷ್ಟು ಬಿಡಿಸಿದರೆ ಜಗಳದ ಅರ್ಧ ಭಾಗ ಅಲ್ಲೇ ಕಡಿಮೆಯಾಗುತ್ತದೆ. ಪ್ರಶ್ನಿಸುವವನು ನಾಲ್ಕನೆಯದನ್ನು ಪ್ರಶ್ನಿಸುತ್ತಿದ್ದಾನೆ, ಉತ್ತರಿಸುವವನು ಮೊದಲನೆಯದನ್ನು ರಕ್ಷಿಸುತ್ತಿದ್ದಾನೆ ಎಂಬುದು ಆಗ ಇಬ್ಬರಿಗೂ ಕಾಣುತ್ತದೆ. ಕಾಗದದ ಮೇಲೆ ಬರೆಯುವುದು ಬಾಲಿಶವೆನಿಸಿದರೂ ಬರೆಯುವುದೇ ಉತ್ತಮ, ಏಕೆಂದರೆ ಬಾಯಿಮಾತಿನಲ್ಲಿ ಈ ನಾಲ್ಕೂ ಮತ್ತೆ ಮತ್ತೆ ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಎರಡನೆಯದು: ಖರ್ಚು ಯಾರದೆಂದು ಗುರುತಿಸಿ

ಈ ಲೇಖನದಲ್ಲಿ ಹೆಚ್ಚು ಸಮಯ ತೆಗೆದುಕೊಳ್ಳಬೇಕಾದ ಹಂತ ಇದು. ಘಾಟ್ಕೋಪರಿನಲ್ಲಿರುವ ಒಬ್ಬರು ಊರಿನ ದೈವಕ್ಕೆ ಹರಕೆ ಹೇಳಿ, ತಮ್ಮ ಸಂಬಳದಿಂದ ಉಳಿಸಿ, ವರ್ಷಕ್ಕೊಮ್ಮೆ ಕೋಲ ಕೊಡಿಸಿದರೆ ಅದು ಅವರ ಹಣ, ಅವರ ಸಮಾಧಾನ, ಅವರ ಊರಿನೊಂದಿಗಿನ ನಂಟು. ಅಲ್ಲಿ ನಮಗೆ ಕೆಲಸವಿಲ್ಲ. ಅದೇ ಹರಕೆಗಾಗಿ ಹೆಂಡತಿಯ ಕರಿಮಣಿ ಸರ ಒತ್ತೆಗೆ ಹೋದರೆ, ಮಗಳ ಕಾಲೇಜಿನ ಶುಲ್ಕ ಮುಂದಿನ ವರ್ಷಕ್ಕೆ ಬಿದ್ದರೆ, ನಂಬಿದವರು ಒಬ್ಬರು, ಭರಿಸುವವರು ಬೇರೆಯವರು. ಅಲ್ಲಿ ಪ್ರಶ್ನೆ ಕೇಳಬೇಕಾಗಿರುವುದು ದೈವದ ಬಗ್ಗೆ ಅಲ್ಲ, ಕರಿಮಣಿಯ ಬಗ್ಗೆ.

ಜಾತಕದಲ್ಲಿ ಕುಜದೋಷವಿದೆ ಎಂದು ಹುಡುಗಿಯ ಸಂಬಂಧಗಳು ಒಂದೊಂದಾಗಿ ತಪ್ಪುವಾಗ ಖರ್ಚು ಆ ಹುಡುಗಿಯದು. ಜಾತಕ ನೋಡಿದವರಿಗಾಗಲೀ, ‘ನಮಗೆ ಅದೆಲ್ಲ ಇಲ್ಲಪ್ಪಾ, ಅಜ್ಜಿ ಒಪ್ಪುವುದಿಲ್ಲ’ ಎಂದು ನಯವಾಗಿ ಜಾರಿಕೊಂಡವರಿಗಾಗಲೀ ಅದರ ಬಿಸಿ ತಟ್ಟುವುದಿಲ್ಲ. ಇಂಥ ಕಡೆ ಒಂದು ಸಣ್ಣ ಪರೀಕ್ಷೆ ಸಾಕು: ಭರಿಸುವವರನ್ನು ಕೇಳಿ ಆ ನಂಬಿಕೆಯನ್ನು ಇಟ್ಟುಕೊಂಡಿದ್ದೇವೆಯೇ?

ಇದು ಮುಂಬಯಿಗೆ ಹೊಸ ಪ್ರಶ್ನೆಯಲ್ಲ. ಬಾಲ್ಯದಲ್ಲೇ ಮದುವೆಯಾಗಿದ್ದ ರಖಮಾಬಾಯಿಯವರು ಗಂಡನ ಮನೆಗೆ ಹೋಗಲು ಒಪ್ಪದಿದ್ದಾಗ 1884ರಲ್ಲಿ ಅವರ ಮೇಲೆ ಇದೇ ನಗರದ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. 1887ರಲ್ಲಿ ನ್ಯಾಯಾಲಯ ಗಂಡನೊಡನೆ ಬಾಳಬೇಕು, ಇಲ್ಲವೇ ಆರು ತಿಂಗಳ ಸೆರೆಮನೆವಾಸ ಅನುಭವಿಸಬೇಕು ಎಂದಾಗ ಅವರು ಸೆರೆಮನೆಯೇ ಆಗಲಿ ಎಂದರು. ಮರುವರ್ಷ ರಾಜಿಯಾಗಿ ಅವರು ಬಿಡುಗಡೆ ಪಡೆದರು, ಲಂಡನ್ನಿಗೆ ಹೋಗಿ ಓದಿ ವೈದ್ಯೆಯಾಗಿ ಬಂದರು. ಆ ಕಾಲದ ಪತ್ರಿಕೆಗಳಲ್ಲಿ ಶಾಸ್ತ್ರ ಏನು ಹೇಳುತ್ತದೆ, ಸರಕಾರ ಕೈಹಾಕಬಹುದೇ ಎಂಬ ಚರ್ಚೆಗೆ ಸಿಕ್ಕ ಜಾಗ ದೊಡ್ಡದು. ಮದುವೆಯ ಖರ್ಚು ಭರಿಸಬೇಕಾಗಿದ್ದವಳು ತಾನೇ ಬಾಯಿಬಿಟ್ಟು ಮಾತಾಡಿದ್ದು ಆ ಪ್ರಕರಣದ ವಿಶೇಷ.

ನಂಬಿಕೆ ಎಂದರೆ ದೇವರು, ಜಾತಕ ಎಂದಷ್ಟೇ ತಿಳಿಯಬಾರದು. ‘ಮುಂಬಯಿಯಲ್ಲಿ ದುಡಿಯುವವನಿಗೆ ಸೋಲಿಲ್ಲ’ ಎಂಬುದು ನಮ್ಮವರ ಅತ್ಯಂತ ಗಟ್ಟಿಯಾದ ನಂಬಿಕೆ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೇಲೆ ಬಂದವರ ನಿಜವಾದ ಕಥೆಗಳು ಅದರ ಹಿಂದಿವೆ. ಆದರೆ ಅದೇ ನಂಬಿಕೆ, ಗಿರಣಿ ಮುಚ್ಚಿ ಕೆಲಸ ಹೋದವನನ್ನು, ಕಾಯಿಲೆಯಿಂದ ಊರಿಗೆ ಮರಳಿದವನನ್ನು ‘ಅವನು ಸೋಮಾರಿ’ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಗೆದ್ದವನ ನಂಬಿಕೆಗೆ ಸೋತವನು ಬೆಲೆ ತೆರುತ್ತಾನೆ. ಹಾಗೆಯೇ, ಮೀನು ತಿನ್ನುವವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ ಎನ್ನುವ ಸೊಸೈಟಿಗಳ ಮುಂದೆ ಕರಾವಳಿಯವರು ಎಷ್ಟು ಬಾರಿ ನಿಂತಿಲ್ಲ! ತಾನು ಏನು ತಿನ್ನಬೇಕೆಂಬುದು ಮನೆಯೊಡೆಯನ ನಂಬಿಕೆ, ಬಾಡಿಗೆಗೆ ಬಂದವನು ಏನು ತಿನ್ನಬೇಕೆಂಬುದೂ ಅವನ ನಂಬಿಕೆಯೇ ಆದಾಗ ಲೆಕ್ಕ ಬೇರೆಯವರ ಹೆಸರಿಗೆ ಬರೆಯಲ್ಪಟ್ಟಿದೆ. ಆ ನೋವು ತಿಳಿದಿರುವ ನಾವು, ನಮ್ಮದೇ ಮನೆಯನ್ನು ಬಾಡಿಗೆಗೆ ಕೊಡುವಾಗ ಏಜೆಂಟರ ಕಿವಿಯಲ್ಲಿ ಯಾವ ಜಾತಿ, ಯಾವ ಧರ್ಮ ಬೇಡವೆಂದು ಹೇಳುತ್ತೇವೆ ಎಂಬುದನ್ನೂ ಇದೇ ತಕ್ಕಡಿಯಲ್ಲಿಡಬೇಕು.

ಮಹಾರಾಷ್ಟ್ರದ ಕಾನೂನು ಕೂಡ ಗೆರೆ ಎಳೆದಿರುವುದು ಸುಮಾರಾಗಿ ಇದೇ ಜಾಗದಲ್ಲಿ. ನರಬಲಿ, ಅಮಾನುಷ ಹಾಗೂ ಅಘೋರಿ ಆಚರಣೆಗಳು, ಮಾಟಮಂತ್ರ ಇವುಗಳ ವಿರುದ್ಧದ 2013ರ ಕಾಯ್ದೆ ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ, ಪ್ರವಚನಗಳನ್ನು ಮುಟ್ಟುವುದಿಲ್ಲ. ಆದರೆ ನಾಯಿ, ಹಾವು, ಚೇಳು ಕಚ್ಚಿದವನನ್ನು ಆಸ್ಪತ್ರೆಗೆ ಹೋಗದಂತೆ ತಡೆದು ತಾಯಿತ ಕಟ್ಟುವುದು, ಮಂತ್ರ ಹಾಕುವುದು ಅದರಡಿ ಅಪರಾಧ, ಶಿಕ್ಷೆ ಆರು ತಿಂಗಳಿಂದ ಏಳು ವರ್ಷದವರೆಗೆ. ಮಂತ್ರದಲ್ಲಿ ನಂಬಿಕೆಯಿರುವುದನ್ನು ಕಾಯ್ದೆ ಕೇಳುವುದೇ ಇಲ್ಲ. ಇನ್ನೊಬ್ಬನ ಜೀವವನ್ನು ಆ ನಂಬಿಕೆಗೆ ಒತ್ತೆಯಿಟ್ಟಾಗ ಮಾತ್ರ ಕೇಳುತ್ತದೆ.

ಮೂರನೆಯದು: ಇನ್ನೊಬ್ಬರ ಬಾಗಿಲು ತಟ್ಟುವ ಮುನ್ನ ನಿಮ್ಮದನ್ನು ಪರೀಕ್ಷಿಸಿ

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರ ಒಂದು ಪ್ರಬಂಧದಲ್ಲಿ ಹಡಗಿನ ಒಡೆಯನೊಬ್ಬನ ಕಥೆ ಹೇಳಿದ. ಹಡಗು ಹಳೆಯದು, ದುರಸ್ತಿ ಬೇಕೆಂಬ ಅನುಮಾನ ಒಡೆಯನಿಗೇ ಇದೆ. ಆದರೆ ದುರಸ್ತಿಗೆ ಹಣ ಬೇಕು. ಇಷ್ಟು ಬಿರುಗಾಳಿ ದಾಟಿ ಬಂದ ಹಡಗು ಇನ್ನೊಂದು ಯಾತ್ರೆಯನ್ನೂ ದಾಟಿಸುತ್ತದೆ, ದೇವರಿದ್ದಾನೆ ಎಂದು ತನಗೆ ತಾನೇ ಹೇಳಿಕೊಂಡು, ಕ್ರಮೇಣ ಅದನ್ನು ಮನಸಾರೆ ನಂಬಿ, ವಲಸೆ ಹೊರಟವರನ್ನು ತುಂಬಿ ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ಪ್ರಾಮಾಣಿಕವಾಗಿಯೇ ನಂಬಿದ್ದ, ಆದರೆ ತನ್ನ ಮುಂದಿದ್ದ ಸಾಕ್ಷ್ಯದ ಮೇಲೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ತಪ್ಪು ಕಡಿಮೆಯಾಗುತ್ತಿರಲಿಲ್ಲ ಎಂಬುದು ಅದಕ್ಕಿಂತ ಕಟುವಾದ ಮಾತು. ಇದನ್ನು ಬರೆಯುವ ಏಳು ವರ್ಷ ಮೊದಲು, 1870ರಲ್ಲಿ, ಸೂರ್ಯಗ್ರಹಣ ವೀಕ್ಷಣೆಗೆ ಹೊರಟಿದ್ದ ಕ್ಲಿಫರ್ಡ್ ಸ್ವತಃ ಸಿಸಿಲಿಯ ಬಳಿ ಹಡಗು ಒಡೆದು ಬದುಕಿ ಬಂದಿದ್ದ.

ಈ ಕಥೆ ಮುಂಬಯಿಯಲ್ಲಿ ಪ್ರತಿ ಮಳೆಗಾಲಕ್ಕೂ ಮುಂಚೆ ಸೊಸೈಟಿಯ ಸಭೆಗಳಲ್ಲಿ ನಡೆಯುತ್ತದೆ. ಮೂವತ್ತು ವರ್ಷ ದಾಟಿದ ಕಟ್ಟಡಗಳು ಸ್ಟ್ರಕ್ಚರಲ್ ಆಡಿಟ್ ಮಾಡಿಸಿ ಗಟ್ಟಿತನದ ಪ್ರಮಾಣಪತ್ರ ಕೊಡಬೇಕೆಂದು ಮಹಾನಗರಪಾಲಿಕೆಯ ಕಾಯ್ದೆಯಲ್ಲಿದೆ. ಸಭೆಯಲ್ಲಿ ಯಾರಾದರೂ ಆ ಮಾತೆತ್ತಿದರೆ, ‘ಈ ಬಿಲ್ಡಿಂಗ್ 2005ರ ಮಳೆಯಲ್ಲೇ ಅಲುಗಲಿಲ್ಲ, ಈಗೇನಾಗುತ್ತದೆ’ ಎಂಬ ಉತ್ತರ ಬರುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ತಲೆಯಾಡಿಸಿದವರಲ್ಲಿ ವಿಚಾರವಾದಿಗಳೂ ಇರುತ್ತಾರೆ. ಆಡಿಟ್ಟಿನ ನಂತರ ಬರಬಹುದಾದ ದುರಸ್ತಿಯ ಖರ್ಚು, ಮನೆ ಖಾಲಿ ಮಾಡಬೇಕಾಗುವ ಭಯ ಅವರ ನಂಬಿಕೆಯನ್ನು ಒಳಗಿನಿಂದ ಹೆಣೆಯುತ್ತಿರುತ್ತದೆ.

ಆದ್ದರಿಂದ ನಿಮ್ಮ ನಂಬಿಕೆಯನ್ನು ಎದುರಿಗಿಟ್ಟುಕೊಂಡು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಇದು ನಿಜವಾಗಿದ್ದರೆ ನನಗೆ ಲಾಭವಿದೆಯೇ? ಲಾಭವಿದ್ದರೆ ಅನುಮಾನ ಹೆಚ್ಚಿರಲಿ. ಇದನ್ನು ನಾನು ಯಾರ ಬಾಯಿಂದ ಕೇಳಿದೆ, ಅವರು ಯಾರ ಬಾಯಿಂದ ಕೇಳಿದರು? ಇದೇ ಬಗೆಯ ಸಾಕ್ಷ್ಯವನ್ನು ನನ್ನ ಎದುರಾಳಿ ತಂದಿದ್ದರೆ ನಾನು ಒಪ್ಪುತ್ತಿದ್ದೆನೇ? ಇವೆಲ್ಲಕ್ಕಿಂತ ಮುಖ್ಯವಾದದ್ದು: ಏನು ಕಂಡರೆ ನಾನು ಈ ನಂಬಿಕೆಯನ್ನು ಬಿಡುತ್ತೇನೆ? ಇದಕ್ಕೆ ‘ಏನೇ ಕಂಡರೂ ಬಿಡುವುದಿಲ್ಲ’ ಎಂಬುದೇ ಉತ್ತರವಾದರೆ, ಆ ವಿಷಯದಲ್ಲಿ ಇನ್ನೊಬ್ಬರಿಂದ ಸಾಕ್ಷ್ಯ ಕೇಳುವ ಅಧಿಕಾರವನ್ನು ಸದ್ಯಕ್ಕೆ ಬದಿಗಿಡುವುದು ನ್ಯಾಯ.

ಕ್ಲಿಫರ್ಡನ ನಿಯಮ ಎಲ್ಲ ಕಡೆಯೂ ಸಲ್ಲುವುದಿಲ್ಲ. ಸಾಕಷ್ಟು ಸಾಕ್ಷ್ಯ ಸಿಗುವವರೆಗೆ ಕಾಯಲಾಗದ, ಆದರೆ ತೀರ್ಮಾನ ಮಾಡಲೇಬೇಕಾದ ಸಂದರ್ಭಗಳಿವೆ, ಅಲ್ಲಿ ನಂಬಿಕೆಯೇ ಮುಂದಿನ ಹೆಜ್ಜೆಯನ್ನು ಸಾಧ್ಯವಾಗಿಸುತ್ತದೆ ಎಂದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರ ಕೊಟ್ಟ. ಕೈಯಲ್ಲಿ ಕಾಸಿಲ್ಲದೆ, ಪರಿಚಯದವರೊಬ್ಬರ ವಿಳಾಸ ಮಾತ್ರ ಹಿಡಿದು ಮುಂಬಯಿಗೆ ಬಂದಿಳಿದ ಹುಡುಗನ ಬಳಿ ತಾನು ಬದುಕುತ್ತೇನೆ ಎನ್ನಲು ಯಾವ ಸಾಕ್ಷ್ಯವಿತ್ತು? ನನ್ನ ಅಭಿಪ್ರಾಯದಲ್ಲಿ ಇಬ್ಬರ ಜಗಳವನ್ನು ಖರ್ಚಿನ ಪ್ರಶ್ನೆಯೇ ಬಗೆಹರಿಸುತ್ತದೆ. ತನ್ನ ಬದುಕನ್ನು ಪಣಕ್ಕಿಟ್ಟು ನಂಬುವವನಿಗೆ ಜೇಮ್ಸ್ ಕೊಡುವ ಸಲಿಗೆ ಇರಲಿ. ಇತರರ ಬದುಕನ್ನು ಹಡಗಿಗೆ ಹತ್ತಿಸುವವನಿಗೆ ಕ್ಲಿಫರ್ಡನ ನಿಯಮವೇ ಸರಿ.

ನಾಲ್ಕನೆಯದು: ಕೇಳುವ ಸಲಿಗೆ, ಸಮಯ, ಜಾಗ ನೋಡಿ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾವಿನ ಮನೆಯಲ್ಲಿ ಪುನರ್ಜನ್ಮದ ಚರ್ಚೆ ಬೇಡ. ಪೂಜೆ ನಡೆಯುವಾಗ, ಬೀಗರೆದುರು, ಮಕ್ಕಳೆದುರು ಹಿರಿಯರನ್ನು ಪ್ರಶ್ನಿಸಿದರೆ ಅವರು ಉತ್ತರಿಸುವುದು ಪ್ರಶ್ನೆಗಲ್ಲ, ತಮಗಾದ ಅವಮಾನಕ್ಕೆ. ಒಬ್ಬರನ್ನೇ ಸಿಗುವ ಸಮಯ ನೋಡಿ, ಆದಷ್ಟು ಬೇರೆ ಯಾವುದೋ ಕೆಲಸದ ನಡುವೆ, ತರಕಾರಿ ಹೆಚ್ಚುವಾಗಲೋ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗಲೋ ಕೇಳುವುದು ಲೇಸು. ಜೀವಕ್ಕೆ ಅಪಾಯವಿರುವಲ್ಲಿ ಈ ಸಂಕೋಚಗಳೊಂದೂ ಬೇಡ. ಹಾವು ಕಚ್ಚಿದವನನ್ನು ಮಂತ್ರವಾದಿಯ ಬಳಿ ಒಯ್ಯುತ್ತಿದ್ದರೆ ಅಡ್ಡ ನಿಂತು ರಿಕ್ಷಾವನ್ನು ಆಸ್ಪತ್ರೆಗೆ ತಿರುಗಿಸಬೇಕು, ಮನಸ್ತಾಪವನ್ನು ನಾಳೆ ಸರಿಪಡಿಸಿಕೊಳ್ಳಬಹುದು.

ಐದನೆಯದು: ಹೇಳಿಕೆಯನ್ನು ಪರೀಕ್ಷಿಸಿ, ಹೇಳಿದವರನ್ನಲ್ಲ

2006ರ ಆಗಸ್ಟ್ 18ರ ಸಂಜೆ ಮಾಹಿಮ್ ಕೊಲ್ಲಿಯ ನೀರು ಸಿಹಿಯಾಗಿದೆ ಎಂಬ ಸುದ್ದಿ ಹಬ್ಬಿತು. ಸಾವಿರಾರು ಜನ ದಂಡೆಗೆ ಬಂದು, ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಂಡು, ಮಕ್ಕಳಿಗೂ ಕುಡಿಸಿದರು. ಮಾಹಿಮಿನ ಸೂಫಿ ಸಂತ ಮಖ್ದೂಮ್ ಶಾ ಬಾಬಾ ಅವರ ಪವಾಡವಿದು ಎಂಬ ಮಾತು ಬಂತು. ಮೀಠಿ ನದಿ ಸೇರುವ, ಒಳಚರಂಡಿಯ ಕೊಳೆ ಹರಿಯುವ ಕೊಲ್ಲಿ ಅದು, ಕುಡಿಯಬೇಡಿ ಎಂದು ಪಾಲಿಕೆ ಕೂಗಿ ಹೇಳಬೇಕಾಯಿತು. ಭಾರೀ ಮಳೆಯ ನೀರು ಕೊಲ್ಲಿಗೆ ಬಂದು ಸೇರಿದ್ದರಿಂದ ಉಪ್ಪಿನಂಶ ಕಡಿಮೆಯಾಗಿರಬೇಕೆಂದು ತಜ್ಞರು ವಿವರಿಸಿದರು. ಮರುದಿನ ನೀರು ಮತ್ತೆ ಉಪ್ಪಾಯಿತು.

ಅಂದು ದಂಡೆಯಲ್ಲಿ ನಿಂತವರಿಗೆ ಪವಾಡ ಸುಳ್ಳು ಎಂದು ಹೇಳಿ ಪ್ರಯೋಜನವಿರಲಿಲ್ಲ, ಏಕೆಂದರೆ ನಾಲಿಗೆಗೆ ರುಚಿ ನಿಜವಾಗಿಯೇ ಬದಲಾಗಿ ಕಂಡಿತ್ತು. ‘ಸಿಹಿಯಾಗಿರಲಿ, ಕುಡಿಯಲು ಶುದ್ಧವೇ? ಮಗುವಿಗೆ ಕೊಡುವ ಮೊದಲು ಅಷ್ಟನ್ನು ನೋಡೋಣ’ ಎಂಬ ಪ್ರಶ್ನೆ ಮಾತ್ರ ಕೆಲಸ ಮಾಡಬಲ್ಲದಾಗಿತ್ತು. ಅದು ನಂಬಿದವನ ಭಕ್ತಿಯನ್ನು ಮುಟ್ಟದೆ, ಅವನ ಮಗುವಿನ ಹೊಟ್ಟೆಯನ್ನು ಮಾತ್ರ ವಿಚಾರಿಸುತ್ತದೆ.

1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಎಂದು ದೇಶವೆಲ್ಲ ಚಮಚ ಹಿಡಿದು ನಿಂತಿತ್ತು. ವಿಜ್ಞಾನಿಗಳು ಮಾಡಿದ ಕೆಲಸ ಬಹಳ ಸರಳ: ಹಾಲಿಗೆ ಬಣ್ಣ ಸೇರಿಸಿ ಕೊಟ್ಟರು. ಚಮಚವನ್ನು ಸೊಂಡಿಲಿಗೆ ತಾಗಿಸಿದಾಗ ಮೇಲ್ಮೈ ಸೆಳೆತದಿಂದ ಹೊರಬಂದ ಹಾಲು ತೆಳುವಾದ ಪೊರೆಯಾಗಿ ಮೂರ್ತಿಯ ಮೈಮೇಲೆ ಇಳಿಯುವುದು ಬಣ್ಣದಿಂದಾಗಿ ಕಣ್ಣಿಗೆ ಕಂಡಿತು. ಭಕ್ತರು ಮಾಡುತ್ತಿದ್ದುದನ್ನೇ ಮಾಡಿ, ಕಾಣದಿದ್ದುದನ್ನು ಕಾಣಿಸುವುದು ಒಳ್ಳೆಯ ಪರೀಕ್ಷೆಯ ಲಕ್ಷಣ.

ಮನೆಯೊಳಗಿನ ಮಾತು ಹೇಗಿರಬೇಕೆಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಕಷಾಯವನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟ ದೊಡ್ಡಪ್ಪ, ಅವರೊಡನೆ ಮಾತಾಡುವ ತಮ್ಮನ ಮಗ.

“ದೊಡ್ಡಪ್ಪ, ಕಷಾಯ ಶುರುಮಾಡಿದ ಮೇಲೆ ಹೇಗಿದೆ?”

“ಮೈಯೆಲ್ಲ ಹಗುರ ಮಾರಾಯ. ಆ ಮಾತ್ರೆಯಿಂದಲೇ ಸುಸ್ತಾಗುತ್ತಿತ್ತು.”

“ಸುಸ್ತು ಕಡಿಮೆಯಾದದ್ದು ಒಳ್ಳೆಯದೇ. ಶುಗರ್ ನೋಡಿಸಿದ್ದೀರಾ?”

“ನೋಡಿಸುವುದು ಎಂಥಕ್ಕೆ? ನನ್ನ ಮೈ ನನಗೆ ಗೊತ್ತಿಲ್ಲವಾ?”

“ನಿಮ್ಮ ಮೈ ನಿಮಗೇ ಗೊತ್ತಿರುವುದು. ಆದರೆ ಶುಗರ್ ಏರಿದರೂ ಕೆಲವು ಸಲ ಮೈಗೆ ಗೊತ್ತಾಗುವುದಿಲ್ಲವಂತೆ. ಒಂದು ಮಾತು ಹೇಳಿ, ಮೀಟರಿನಲ್ಲಿ ಎಷ್ಟು ಬಂದರೆ ಮಾತ್ರೆ ಮತ್ತೆ ತೆಗೆದುಕೊಳ್ಳುತ್ತೀರಿ?”

“…ಇನ್ನೂರು ದಾಟಿದರೆ ನೋಡುವ.”

“ಹಾಗಾದರೆ ಇವತ್ತೇ ಚುಚ್ಚಿ ನೋಡುವ. ಆಮೇಲೆ ಡಾಕ್ಟರ ಹತ್ತಿರ ಹೋಗುವಾಗ ಕಷಾಯದ ಡಬ್ಬವನ್ನೂ ತೆಗೆದುಕೊಂಡು ಹೋಗುವ, ಸುಸ್ತಿನ ವಿಷಯವನ್ನೂ ಹೇಳುವ.”

ಇಲ್ಲಿ ಗಮನಿಸಬೇಕಾದದ್ದು, ಹುಡುಗ ಕಷಾಯ ಮೋಸವೆಂದು ಎಲ್ಲಿಯೂ ಹೇಳಿಲ್ಲ. ಸುಸ್ತು ಎಂಬ ನಿಜವಾದ ತೊಂದರೆಯನ್ನು ಒಪ್ಪಿಕೊಂಡಿದ್ದಾನೆ. ದೊಡ್ಡಪ್ಪ ಮಾತ್ರೆ ಬಿಟ್ಟದ್ದು ಅದರಿಂದಲೇ ಹೊರತು ಮೊಂಡುತನದಿಂದಲ್ಲ. ಫಲಿತಾಂಶ ಬರುವ ಮೊದಲೇ ಗೆರೆಯನ್ನು ದೊಡ್ಡಪ್ಪನ ಬಾಯಿಂದಲೇ ಹಾಕಿಸಿದ್ದಾನೆ. ಫಲಿತಾಂಶ ಬಂದ ನಂತರ ಗೆರೆ ಹಾಕಲು ಹೊರಟರೆ ಪ್ರತಿಯೊಬ್ಬರೂ ಅದನ್ನು ತಮಗೆ ಬೇಕಾದ ಕಡೆಗೆ ಸರಿಸುತ್ತಾರೆ. ಆ ಗೆರೆ ವೈದ್ಯರ ಲೆಕ್ಕಕ್ಕೆ ಸರಿಹೊಂದದಿದ್ದರೂ ಅಡ್ಡಿಯಿಲ್ಲ, ವೈದ್ಯರ ತನಕ ಹೋಗುವ ದಾರಿ ಅದರಿಂದ ತೆರೆಯಿತು. ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯ ಮಾತನ್ನು ಅಲ್ಲಿ ವೈದ್ಯರೇ ಎತ್ತುತ್ತಾರೆ.

ಇನ್ನೊಂದು ಉಪಾಯವೂ ಇದೆ: ಆ ನಂಬಿಕೆ ಈಗಾಗಲೇ ಎಲ್ಲಿ ಬಾಗಿದೆ ಎಂದು ಕೇಳುವುದು. ಊರಿನಲ್ಲಿ ಮುಟ್ಟಾದ ಹೆಂಗಸರು ಹೊರಗೆ ಕೂರುತ್ತಿದ್ದರು. ಹತ್ತಡಿ ಅಗಲದ ಚಾಳಿನ ಖೋಲಿಗೆ ಬಂದಾಗ ಹೊರಗೆ ಎಂಬುದೇ ಇರಲಿಲ್ಲ. ಹೊರಗೆಂದರೆ ಹತ್ತು ಮನೆಯವರು ಓಡಾಡುವ ಗ್ಯಾಲರಿ, ನಲ್ಲಿಯ ಮುಂದಿನ ಸಾಲು. ನೀರು ಬರುವ ಅರ್ಧ ಗಂಟೆಯಲ್ಲಿ ಕೊಡ ತುಂಬಿಸಲು ಮನೆಯಲ್ಲಿ ಇನ್ನೊಬ್ಬರಿಲ್ಲದಿದ್ದರೆ ನಿಯಮ ತಾನಾಗಿಯೇ ಸಡಿಲವಾಯಿತು, ದೇವರ ಗೂಡಿನ ಮುಂದಿನ ಎರಡಡಿಗೆ ಬಂದು ನಿಂತಿತು. ಅದರಿಂದ ಯಾವ ಕೇಡೂ ಆಗಲಿಲ್ಲ ಎಂಬುದಕ್ಕೆ ಸಾಕ್ಷಿ ಆ ಅಜ್ಜಿಯರೇ. ‘ಅಜ್ಜಿ, ಖೋಲಿಗೆ ಬಂದ ಹೊಸತರಲ್ಲಿ ಆ ಮೂರು ದಿನ ಏನು ಮಾಡುತ್ತಿದ್ದಿರಿ?’ ಎಂದು ಮೊಮ್ಮಗಳು ಕೇಳಿದರೆ ಅಜ್ಜಿ ಪುಸ್ತಕದ ವಾದಕ್ಕೆ ಕೊಡದ ಉತ್ತರವನ್ನು ತನ್ನ ಬದುಕಿನಿಂದ ತೆಗೆದು ಕೊಡುತ್ತಾಳೆ.

ಆರನೆಯದು: ಎಲ್ಲಿ ನಿಲ್ಲಬೇಕೆಂಬುದು ತಿಳಿದಿರಲಿ

2012ರ ಮಾರ್ಚಿನಲ್ಲಿ ವಿಲೇಪಾರ್ಲೆಯ ಇರ್ಲಾದ ಇಗರ್ಜಿಯೊಂದರ ಶಿಲುಬೆಯ ಮೂರ್ತಿಯಿಂದ ನೀರು ತೊಟ್ಟಿಕ್ಕತೊಡಗಿತು. ವಿಚಾರವಾದಿ ಸನಲ್ ಎಡಮರುಕು ಬಂದು ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡು ಗೋಡೆಯೊಳಗೆ ನೀರು ಏರುತ್ತಿದೆ, ಸಣ್ಣ ರಂಧ್ರಗಳಲ್ಲಿ ನೀರು ತಾನಾಗಿಯೇ ಮೇಲೇರುವ ಲೋಮನಾಳದ ಸೆಳೆತವೇ ಕಾರಣ ಎಂದರು. ವಿವಾದ ಅಲ್ಲಿಗೆ ನಿಲ್ಲಲಿಲ್ಲ. ಟಿವಿಯಲ್ಲಿ ಚರ್ಚೆ ಇಗರ್ಜಿಯ ಆಡಳಿತದ ಕಡೆಗೆ ತಿರುಗಿತು, ಧಾರ್ಮಿಕ ಭಾವನೆಗೆ ಧಕ್ಕೆಯೆಂದು ಪೊಲೀಸ್ ದೂರುಗಳು ದಾಖಲಾದವು, ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ನೀರಿನ ಮೂಲ ಹೇಳಿದವನ ಮೇಲೆ ಕಾನೂನು ಬೀಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಆದರೂ ಪ್ರಶ್ನಿಸುವವನು ತಿಳಿದಿರಬೇಕಾದದ್ದು ಇಷ್ಟು: 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಂ, ಈಗ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಂ, ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸುವುದನ್ನು ಶಿಕ್ಷಾರ್ಹವೆನ್ನುತ್ತದೆ. ದುರುದ್ದೇಶ ಇಲ್ಲವೆಂದು ಕೊನೆಗೆ ಸಾಬೀತಾದರೂ, ಅಲ್ಲಿಯ ತನಕ ಪೊಲೀಸ್ ಠಾಣೆ, ವಕೀಲರ ಶುಲ್ಕ ಪ್ರಶ್ನಿಸಿದವನ ಪಾಲಿಗೇ ಬರುತ್ತದೆ.

ಇನ್ನೊಂದು ದಿಕ್ಕಿನಿಂದ ಬರುವ ಒತ್ತಡವೂ ಇದೆ. 1890ರಲ್ಲಿ ಪುಣೆಯ ಪಂಚಹೌದ ಕ್ರೈಸ್ತ ಮಿಷನ್ನಿನಲ್ಲಿ ಭಾಷಣ ಕೇಳಲು ಹೋದವರ ಮುಂದೆ ಚಹಾ, ಬಿಸ್ಕತ್ತು ಬಂತು. ಹೋದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು, ಬಹಿಷ್ಕಾರದ ಮಾತೆದ್ದಿತು, ತಿಲಕ್ ಮತ್ತು ಸಮಾಜ ಸುಧಾರಕ ರಾನಡೆ ಅಂಥವರೂ ಕಡೆಗೆ ಪ್ರಾಯಶ್ಚಿತ್ತ ಮಾಡಿಕೊಂಡರು. ಅಷ್ಟರಿಂದ ಅವರ ಒಳಗಿನ ನಂಬಿಕೆ ಬದಲಾಯಿತೇ? ಬದಲಾದದ್ದು ಹೊರಗಿನ ನಡೆ ಮಾತ್ರ. ಒತ್ತಾಯದಿಂದ ನಂಬಿಸಲೂ ಆಗದು, ನಂಬಿಕೆ ಬಿಡಿಸಲೂ ಆಗದು. ಇಂದು ಜಾತಿ ಪಂಚಾಯಿತಿ ಯಾರನ್ನಾದರೂ ಹೊರಗಿಟ್ಟರೆ ಮಹಾರಾಷ್ಟ್ರದ 2016ರ ಸಾಮಾಜಿಕ ಬಹಿಷ್ಕಾರ ವಿರೋಧಿ ಕಾಯ್ದೆಯಡಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಮಗ ಜಾತಿಯ ಹೊರಗೆ ಮದುವೆಯಾದನೆಂದು ಸಂಘದ ಕಾರ್ಯಕ್ರಮಕ್ಕೆ ಒಂದು ಕುಟುಂಬವನ್ನು ಕರೆಯಬಾರದೆಂದು ಪದಾಧಿಕಾರಿಗಳು ಮಾತಾಡಿಕೊಳ್ಳುವ ಮೊದಲು ಇದನ್ನು ಓದುವುದು ಒಳ್ಳೆಯದು.

ಪ್ರಶ್ನಿಸಿದವರಿಗೆ ಪುಣೆಯಲ್ಲಿ ಇದಕ್ಕಿಂತ ಕ್ರೂರವಾದ ಉತ್ತರವೂ ಸಿಕ್ಕಿದೆ. 1989ರಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಕಟ್ಟಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಗ್ಗೆ, ನಡೆದಾಡಲು ಹೊರಟಾಗ, ಗುಂಡಿಟ್ಟು ಕೊಂದರು. ಮೇಲೆ ಹೇಳಿದ 2013ರ ಮಾಟಮಂತ್ರ ವಿರೋಧಿ ಕಾಯ್ದೆಗಾಗಿ ಅವರು ವರ್ಷಗಟ್ಟಲೆ ಹೋರಾಡಿದ್ದರು, ಸುಗ್ರೀವಾಜ್ಞೆ ಬಂದದ್ದು ಕೊಲೆಯಾದ ಅದೇ ತಿಂಗಳಲ್ಲಿ. ಎರಡು ವರ್ಷಗಳ ನಂತರ, ಆಗಸ್ಟ್ 30ರಂದು, ಧಾರವಾಡದ ಮನೆಯ ಬಾಗಿಲಲ್ಲಿ ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಮನೆಯ ಮಾತುಕತೆಯ ಮಾರ್ಗದರ್ಶಿಯಲ್ಲಿ ಇದನ್ನು ಏಕೆ ತರಬೇಕೆಂದು ಕೇಳಬಹುದು. ‘ಅವರೇಕೆ ಸುಮ್ಮನಿರಬಾರದಿತ್ತು’ ಎಂಬ ಮಾತು ಆಗ ನಮ್ಮ ಮನೆಗಳಲ್ಲೇ ಕೇಳಿಬಂದಿತ್ತು. ಪ್ರಶ್ನೆಯಿಂದಾದ ನೋವನ್ನೂ ಗುಂಡನ್ನೂ ಒಂದೇ ಸಾಲಿನಲ್ಲಿ ಇಡುವ ಆ ಮಾತು ಕಿವಿಗೆ ಬಿದ್ದಾಗ ನಯವಾಗಿ ಅಲ್ಲ, ನೇರವಾಗಿಯೇ ತಡೆಯಬೇಕು.

ಭಿನ್ನಾಭಿಪ್ರಾಯದ ನಂತರವೂ ಮುಖ ನೋಡುವುದು ಹೇಗೆಂದು ಕೇಳುವವರು ತಿಲಕ್ ಮತ್ತು ಸಮಾಜ ಸುಧಾರಕ ಆಗರ್ಕರ್ ಅವರನ್ನು ನೆನೆಯಬಹುದು. 1882ರಲ್ಲಿ ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ 101 ದಿನ ಜೊತೆಯಾಗಿ ಕಳೆದ ಗೆಳೆಯರು ಅವರು. ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ಒಡೆದು, ಆಗರ್ಕರ್ 1888ರಲ್ಲಿ ಬೇರೆ ಪತ್ರಿಕೆ ತೆಗೆದು, ವರ್ಷಗಟ್ಟಲೆ ಪರಸ್ಪರರ ವಿರುದ್ಧ ಬರೆದರು. ಬದುಕಿದ್ದಾಗಲೇ ಆಗರ್ಕರರ ಅಣಕು ಶವಯಾತ್ರೆಯನ್ನು ಪುಣೆಯ ಸನಾತನಿಗಳು ತೆಗೆದರು. 1895ರಲ್ಲಿ ಅವರು ತೀರಿಕೊಂಡಾಗ ‘ಕೇಸರಿ’ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದವರು ತಿಲಕರು. ಅಷ್ಟು ಹೊತ್ತಿಗೆ ತಡವಾಗಿತ್ತು ಎಂದೂ ಓದಬಹುದು, ನಾನಂತೂ ಹಾಗೆಯೇ ಓದುತ್ತೇನೆ.

ಕೊನೆಯದು: ಪ್ರಶ್ನೆ ನಿಮ್ಮ ಕಡೆಗೆ ಬಂದಾಗ

ಮಗಳೋ ಸೊಸೆಯೋ ನಿಮ್ಮನ್ನು ಕೇಳುವ ದಿನ ಬಂದೇ ಬರುತ್ತದೆ. ಆ ಕ್ಷಣದಲ್ಲೇ ಉತ್ತರ ಕೊಡುವ ಹಟ ಬೇಡ. ‘ಯೋಚಿಸಿ ಹೇಳುತ್ತೇನೆ’ ಎಂದು ಹೇಳಿ, ಆದರೆ ಯಾವಾಗ ಎಂಬುದನ್ನೂ ಸೇರಿಸಿ ಹೇಳಿ, ಇಲ್ಲವಾದರೆ ಅದು ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಕೇಳಿದವರು ಆ ನಂಬಿಕೆಯ ಖರ್ಚು ಭರಿಸುತ್ತಿರುವವರೇ ಆಗಿದ್ದರೆ ಅವರ ಮಾತಿನ ಧಾಟಿ ಒರಟಾಗಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನೋವಿನಲ್ಲಿರುವವರಿಂದ ನಯವನ್ನು ಬೇಡುವುದು ಉತ್ತರ ಕೊಡದಿರಲು ಹುಡುಕಿದ ನೆಪ. ನಂಬಿಕೆಯನ್ನು ಪೂರ್ತಿ ಬಿಡಲು ಮನಸ್ಸೊಪ್ಪದಿದ್ದರೆ ಅದರ ಖರ್ಚನ್ನಾದರೂ ನಿಮ್ಮ ಕಡೆಗೆ ತೆಗೆದುಕೊಳ್ಳಿ: ವ್ರತ ಬೇಕೆಂದರೆ ಅದರ ಅಡುಗೆ ನೀವೇ ಮಾಡಿ, ಮಡಿ ಬೇಕೆಂದರೆ ಅದರ ಬಟ್ಟೆ ನೀವೇ ಒಗೆಯಿರಿ. ಎಷ್ಟೋ ನಂಬಿಕೆಗಳು ಇಲ್ಲಿಗೆ ಬಂದಾಗ ತಾವಾಗಿಯೇ ತೆಳುವಾಗುತ್ತವೆ, ಗಂಡಸರಲ್ಲಿ ಇನ್ನೂ ಬೇಗ.

ಮನಸ್ಸು ಬದಲಾಯಿಸಿದರೆ ಅದನ್ನು ಬಾಯಿಬಿಟ್ಟು ಹೇಳಿ. ಸದ್ದಿಲ್ಲದೆ ಬದಲಾದ ಹಿರಿಯರಿಂದ ಮನೆಯ ಇತರರಿಗೆ ಏನೂ ತಿಳಿಯುವುದಿಲ್ಲ, ಅವರು ಹಳೆಯ ನಿಯಮವನ್ನೇ ಪಾಲಿಸುತ್ತಾ ಹೋಗುತ್ತಾರೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ನೀವು ಹಂಚಿದ್ದ ಔಷಧವೋ ಸುದ್ದಿಯೋ ಸುಳ್ಳೆಂದು ಗೊತ್ತಾದರೆ, ಕೇಳಿದವರೊಬ್ಬರಿಗೆ ಖಾಸಗಿಯಾಗಿ ತಿಳಿಸಿ ಸುಮ್ಮನಾಗಬೇಡಿ. ಹಳೆಯ ಸಂದೇಶವನ್ನು ಅಳಿಸುವುದರಿಂದಲೂ ಆಗದು, ಓದಿದವರು ಓದಿ ಮುಂದಕ್ಕೆ ಕಳುಹಿಸಿಯಾಗಿರುತ್ತದೆ. ಅದೇ ಗುಂಪಿನಲ್ಲಿ, ಅದೇ ಸಂದೇಶಕ್ಕೆ ಉತ್ತರವಾಗಿ, ಇದು ತಪ್ಪು, ಇದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ ಇವತ್ತೇ ಡಾಕ್ಟರನ್ನು ನೋಡಿ ಎಂದು ಬರೆಯಬೇಕು. ಗುಂಪಿನಲ್ಲಿಲ್ಲದ, ಆದರೆ ನೀವು ಅದನ್ನು ಬೇರೆಯಾಗಿ ಕಳುಹಿಸಿದ್ದ ಊರಿನ ಚಿಕ್ಕಮ್ಮನಿಗೆ ಫೋನ್ ಮಾಡಬೇಕು.